ಸಿಪ್ಪೆ ಸಮೇತ ನುಂಗಿದ ವೋಟು

1976ರ ಏಪ್ರಿಲ್. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಊರು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅಲಾಮೋ ಕೋಟೆಗೆ ಬಂದಿದ್ದರು. ರಿಪಬ್ಲಿಕನ್ ಪಕ್ಷದ ಟಿಕೆಟ್‌ಗಾಗಿ ರೊನಾಲ್ಡ್ ರೇಗನ್ ಜೊತೆ ಜಿದ್ದಾಜಿದ್ದಿ ನಡೆದಿತ್ತು. ಮೆಕ್ಸಿಕೋ ಮೂಲದ ಮತದಾರರ ಮನ ಒಲಿಸಬೇಕಿತ್ತು. ತಟ್ಟೆಯಲ್ಲಿ ತಮಾಲೆ ಬಂತು. ಜೋಳದ ಹಿಟ್ಟಿನೊಳಗೆ ಮಾಂಸ ಇಟ್ಟು, ತೆನೆಯ ಸಿಪ್ಪೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿದ ತಿಂಡಿ. ಅಧ್ಯಕ್ಷರು ಕ್ಯಾಮೆರಾ ಎದುರು ಅದನ್ನು ಸಿಪ್ಪೆ ಸಮೇತ ಕಚ್ಚಿಯೇಬಿಟ್ಟರು. ಮಂಗಳೂರಿಗೆ ಪ್ರಚಾರಕ್ಕೆ ಬಂದವರು ಕೊಟ್ಟೆ ಕಡುಬನ್ನು ಹಲಸಿನ ಎಲೆ ಬಿಡಿಸದೆ ಜಗಿದ ಹಾಗೆ! ಟೆಕ್ಸಸ್‌ನಲ್ಲಿ ಟಿಕೆಟ್ ಪೈಪೋಟಿಯನ್ನೂ ಸೋತರು, ನವೆಂಬರ್‌ನಲ್ಲಿ ಆ ರಾಜ್ಯವನ್ನೂ ಸೋತರು.

ಸೋಲಿಗೆ ತಮಾಲೆ ಒಂದೇ ಕಾರಣ ಅಂತ ಯಾರೂ ಹೇಳಲಾರರು. ಆದರೆ ಪಕ್ಷಗಳು ಕಲಿತ ಪಾಠ ಏನು ಗೊತ್ತೇ? ಮುಂದಿನ ಸಲ ಸಿಪ್ಪೆ ಬಿಡಿಸಿ ತಿನ್ನಬೇಕು. ಅಷ್ಟೇ.

ಅಲ್ಲಿಂದ ಇಲ್ಲಿಯವರೆಗೆ ಊಟದ ಎಲೆ ಎತ್ತಿಲ್ಲ. 2016ರ ಮೇ ತಿಂಗಳಲ್ಲಿ ಟ್ರಂಪ್ ತಮ್ಮದೇ ಟವರಿನ ಟಾಕೊ ಅನ್ನೋ ಮೆಕ್ಸಿಕನ್ ತಿಂಡಿಯ ಬಟ್ಟಲು ಮುಂದಿಟ್ಟುಕೊಂಡು, ಹೆಬ್ಬೆರಳು ಎತ್ತಿ, 'ಹಿಸ್ಪಾನಿಕರು ಅಂದ್ರೆ ನನಗೆ ಪ್ರೀತಿ' ಅಂತ ಟ್ವೀಟ್ ಹಾಕಿದರು. ಹಿಸ್ಪಾನಿಕರು, ಲ್ಯಾಟಿನೋಗಳು ಅಂದರೆ ಮೆಕ್ಸಿಕೋ, ಕ್ಯೂಬಾದಂಥ ಸ್ಪ್ಯಾನಿಷ್ ನಾಡುಗಳ ಮೂಲದವರು. ಅದಕ್ಕೂ ಮುಂಚೆ ಹಿಲರಿ ಕ್ಲಿಂಟನ್ ತಂಡ, ಹಿಲರಿ ನಿಮ್ಮ ಅಜ್ಜಿಯಂತೆಯೇ ಏಕೆ ಅಂತ ಏಳು ಕಾರಣ ಬರೆದು ಪ್ರಕಟಿಸಿತ್ತು. 'ಇವರು ನಮ್ಮ ಅಜ್ಜಿ ಅಲ್ಲ' ಅಂತ ಮೊಮ್ಮಕ್ಕಳು ಇಂಟರ್ನೆಟ್ಟಿನಲ್ಲಿ ಸಾಲುಗಟ್ಟಿ ಹೇಳಿದರು. 2020ರಲ್ಲಿ ಬೈಡನ್ ಫ್ಲೋರಿಡಾದ ಕಿಸ್ಸಿಮಿಯಲ್ಲಿ ಮೈಕಿಗೆ ಮೊಬೈಲ್ ಹಿಡಿದು ಸ್ಪ್ಯಾನಿಷ್ ಹಾಡು ಹಾಕಿದರು, ಸ್ವಲ್ಪ ಮೈ ಕುಣಿಸಿದರು. ಫ್ಲೋರಿಡಾ ಕೈತಪ್ಪಿತು. 2022ರಲ್ಲಿ ಅವರ ಪತ್ನಿ ಜಿಲ್ ಬೈಡನ್ ಅದೇ ಸ್ಯಾನ್ ಆಂಟೋನಿಯೊಗೆ ಹೋಗಿ, ಲ್ಯಾಟಿನೋ ಸಮುದಾಯ ಇಲ್ಲಿನ ಬೆಳಗಿನ ಟಾಕೊಗಳಷ್ಟೇ ವಿಶಿಷ್ಟ ಅಂದರು. 'ನಾವು ಟಾಕೊ ಅಲ್ಲ' ಅಂತ ಹಿಸ್ಪಾನಿಕ್ ಪತ್ರಕರ್ತರ ಸಂಘ ಹೇಳಿಕೆ ಕೊಡಬೇಕಾಯಿತು. ನಾವು ತಿಂಡಿ ಅಲ್ಲ ಅಂತ ಒಂದು ಸಂಘ ಅಧಿಕೃತವಾಗಿ ಹೇಳಬೇಕಾದ ಪರಿಸ್ಥಿತಿ ನೋಡಿ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2019ರ ಜೂನ್‌ನಲ್ಲಿ ಮಯಾಮಿಯಲ್ಲಿ ನಡೆದ, ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಾಟ್ ಟಿಕೆಟ್ ಬಯಸಿದವರ ಚರ್ಚೆ. ಭಾರೀ ಶ್ರೀಮಂತರಿಗೆ ನೂರಕ್ಕೆ 70ರ ತೆರಿಗೆ ಹಾಕಬಹುದೇ ಅಂತ ಬೇಟೊ ಓರೂರ್ಕ್‌ಗೆ ಪ್ರಶ್ನೆ ಬಂತು. ಆಸಾಮಿ ನಡುವೆ ಸ್ಪ್ಯಾನಿಷ್‌ಗೆ ಹೊರಳಿದರು. ಅದೇ ಸಾಲಿನಲ್ಲಿದ್ದ ಕೋರಿ ಬೂಕರ್ ಮುಖ ನೋಡಬೇಕಿತ್ತು. ಪರೀಕ್ಷೆಯಲ್ಲಿ ಪಕ್ಕದವನು ಎರಡನೇ ಅಡಿಷನಲ್ ಶೀಟ್ ಕೇಳಿದಾಗ ಆಗುತ್ತಲ್ಲ, ಆ ಮುಖ. ಸ್ವಲ್ಪ ಹೊತ್ತಿಗೆ ಬೂಕರ್ ಕೂಡ ಸ್ಪ್ಯಾನಿಷ್ ಶುರು ಮಾಡಿದರು. ತೆರಿಗೆಯ ಪ್ರಶ್ನೆಗೆ ಉತ್ತರ ಇಂಗ್ಲಿಷ್‌ನಲ್ಲೂ ಬರಲಿಲ್ಲ, ಸ್ಪ್ಯಾನಿಷ್‌ನಲ್ಲೂ ಬರಲಿಲ್ಲ. ಇನ್ನೂ ದೊಡ್ಡ ತಮಾಷೆ ಅಂದರೆ ಆ ಸಾಲಿನಲ್ಲಿ ನಿಜವಾದ ಲ್ಯಾಟಿನೋ ಅಂತ ಇದ್ದವರು ಹೂಲಿಯನ್ ಕಾಸ್ಟ್ರೊ ಒಬ್ಬರೇ. ಅವರಿಗೆ ಸ್ಪ್ಯಾನಿಷ್ ಸರಾಗವಾಗಿ ಬರುವುದಿಲ್ಲ. ಟೆಕ್ಸಸ್‌ನಲ್ಲೇ ಹುಟ್ಟಿ, ಇಂಗ್ಲಿಷ್‌ನಲ್ಲೇ ಬೆಳೆದವರು. ಲಕ್ಷಗಟ್ಟಲೆ ಲ್ಯಾಟಿನೋ ಮತದಾರರ ಕತೆಯೂ ಅದೇ. ಅವರ ಮನೆಗೆ ಹೋಗಿ ಓರೂರ್ಕ್ ಸ್ಪ್ಯಾನಿಷ್‌ನಲ್ಲಿ ಭಾಷಣ ಮಾಡಿದರೆ ಅನುವಾದಕ್ಕೆ ಅಜ್ಜಿಯನ್ನು ಕರೆಯಬೇಕು.

ಇಷ್ಟಕ್ಕೂ ಇವರೆಲ್ಲ ಹುಡುಕುತ್ತಿರುವ ಆ 'ಲ್ಯಾಟಿನೋ ಮತದಾರ' ಯಾರು? ಮಯಾಮಿಯಲ್ಲಿ ಕ್ಯೂಬಾದಿಂದ ಓಡಿಬಂದವರ ಮಕ್ಕಳಿದ್ದಾರೆ. ಸಮಾಜವಾದ ಅಂದರೆ ಸಾಕು, ಕೈಲಿದ್ದ ಕಾಫಿ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಾರೆ. ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿ ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪದವರಿದ್ದಾರೆ. ಅವರಿಗೆ ವಲಸೆ ಕಾನೂನಿನ ತಲೆಬಿಸಿಯೇ ಇಲ್ಲ, 1917ರಿಂದಲೂ ಅವರು ಅಮೆರಿಕದ ಪ್ರಜೆಗಳು. ಆದರೆ ದ್ವೀಪದಲ್ಲೇ ಉಳಿದರೆ ಅಧ್ಯಕ್ಷರಿಗೆ ವೋಟು ಹಾಕುವಂತಿಲ್ಲ, ವಿಮಾನ ಹತ್ತಿ ಫ್ಲೋರಿಡಾದಲ್ಲಿ ಇಳಿದು ಮನೆ ಮಾಡಿದರೆ ಹಾಕಬಹುದು! ನ್ಯೂ ಮೆಕ್ಸಿಕೋದಲ್ಲಿ ಇನ್ನೊಂದು ಬಗೆಯವರಿದ್ದಾರೆ. ಅವರ ಮುತ್ತಜ್ಜಂದಿರು ವಲಸೆಯನ್ನೇ ಬಂದಿಲ್ಲ. ಕೂತಲ್ಲೇ ಕೂತಿದ್ದರು, 1848ರಲ್ಲಿ ಯುದ್ಧ ಸೋತ ಮೆಕ್ಸಿಕೋ ಆ ನೆಲ ಬಿಟ್ಟುಕೊಟ್ಟಾಗ ಗಡಿಯೇ ಅವರನ್ನು ದಾಟಿಕೊಂಡು ಹೋಯಿತು. ಟೆಕ್ಸಸ್‌ನ ಗಡಿ ಊರುಗಳಲ್ಲಂತೂ ಒಂದೇ ಮನೆಯಲ್ಲಿ ಮಾವನಿಗೆ ಕಾಗದಪತ್ರ ಇಲ್ಲ, ಅಳಿಯನಿಗೆ ಗಡಿ ಕಾವಲು ಪಡೆಯಲ್ಲಿ ಕೆಲಸ, ಅಂಥದ್ದೂ ಸಿಗುತ್ತದೆ. ಆ ಪಡೆಯಲ್ಲಿ ಹೆಚ್ಚುಕಡಿಮೆ ಅರ್ಧ ಜನ ಲ್ಯಾಟಿನೋಗಳೇ. ಭಾನುವಾರದ ಊಟಕ್ಕೆ ಇವರಿಬ್ಬರೂ ಎದುರುಬದುರು ಕೂತಾಗ ಪಕ್ಷದ ಸಲಹೆಗಾರನನ್ನು ಕರೆದು ಮಧ್ಯದಲ್ಲಿ ಕೂರಿಸಬೇಕು.

ಪಾಪ, ಜನರೇನು ಮುಚ್ಚಿಟ್ಟಿಲ್ಲ. 2024ರಲ್ಲಿ ಸಮೀಕ್ಷೆ ನಡೆಸುವ ಪ್ಯೂ ಸಂಸ್ಥೆ ಕೇಳಿದಾಗ ನೂರಕ್ಕೆ 85 ಲ್ಯಾಟಿನೋ ಮತದಾರರು ಆರ್ಥಿಕ ಪರಿಸ್ಥಿತಿ ತಮಗೆ ತುಂಬಾ ಮುಖ್ಯ ಅಂದರು. ಆಮೇಲೆ ಆರೋಗ್ಯ ಸೇವೆ. ವಲಸೆ ವಿಷಯ ಇನ್ನೂ ಕೆಳಗೆ. ಅಂದರೆ ಮೊಟ್ಟೆಯ ರೇಟು, ಮನೆ ಬಾಡಿಗೆ, ಆಸ್ಪತ್ರೆಯ ಬಿಲ್ಲು. ಪಕ್ಕದ ಮನೆಯವರ ಚಿಂತೆಯೇ ಇವರದ್ದೂ. ಆದರೆ ಇದನ್ನು ಒಪ್ಪಿಕೊಂಡರೆ ಸಲಹೆಗಾರರ ಗತಿ? ಮೆಕ್ಸಿಕನ್ ಹಾಡಿನ ಮರಿಯಾಚಿ ಬ್ಯಾಂಡಿನವರನ್ನು ವಾಪಸ್ ಕಳಿಸಬೇಕಾಗುತ್ತದೆ.

ಆ ವರ್ಷ ಅಕ್ಟೋಬರ್ ಕೊನೆಗೆ ನ್ಯೂಯಾರ್ಕ್‌ನ ಟ್ರಂಪ್ ಸಭೆಯಲ್ಲಿ ಒಬ್ಬ ಹಾಸ್ಯಗಾರ ಪೋರ್ಟೊ ರಿಕೊವನ್ನು 'ತೇಲುವ ಕಸದ ದ್ವೀಪ' ಅಂದ. ಡೆಮಾಕ್ರಾಟರಿಗೆ ಕರೆಯದೇ ಬಂದ ಭಾಗ್ಯ. ಕಸದ ಮಾತಿಗೆ ಬೈಡನ್, ಟ್ರಂಪ್ ಬೆಂಬಲಿಗರೇ ಕಸ ಅಂದ ಹಾಗೆ ಕೇಳಿಸುವ ಇನ್ನೊಂದು ಕಸದ ಮಾತು ಸೇರಿಸಿ ಅದನ್ನೂ ಕೆಡಿಸಿದರು. ಟ್ರಂಪ್ ಕಿತ್ತಳೆ ಜಾಕೆಟ್ ಹಾಕಿ ಕಸದ ಲಾರಿಯನ್ನೇ ಹತ್ತಿದರು. ವಾರವಿಡೀ ದೇಶ ಕಸದ ಬಗ್ಗೆ ಮಾತಾಡಿತು. ಬಾಡಿಗೆಯ ಬಗ್ಗೆ ಮಾತಾಡಲು ಟೈಮ್ ಆಗಲಿಲ್ಲ.

ಫಲಿತಾಂಶ ಬಂತು. ಟೆಕ್ಸಸ್‌ನ ಸ್ಟಾರ್ ಕೌಂಟಿ ಅನ್ನೋ ಜಿಲ್ಲೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಹಿಸ್ಪಾನಿಕರು. 2016ರಲ್ಲಿ ಹಿಲರಿ ಅಲ್ಲಿ ಸುಮಾರು 60 ಶೇಕಡಾ ಅಂಶ ಮುಂದಿದ್ದರು. 2024ರಲ್ಲಿ ಟ್ರಂಪ್ ಗೆದ್ದರು, 1892ರ ನಂತರ ಮೊದಲ ಸಲ ರಿಪಬ್ಲಿಕನ್ ಒಬ್ಬರು ಅಲ್ಲಿ ಗೆದ್ದದ್ದು. ಟಿವಿ ಪಂಡಿತರು ಕಣ್ಣು ಬಾಯಿ ಬಿಟ್ಟರು. ಒಬ್ಬೊಬ್ಬರೂ ಮೈಕ್ ಹಿಡಿದು ಅಲ್ಲಿನ ಟಾಕೊ ಅಂಗಡಿಗೆ ಓಡಿದರು. ಇನ್ನೆಲ್ಲಿಗೆ ಹೋಗುತ್ತಾರೆ?

ಗೆದ್ದವರಾದರೂ ಕಲಿತರೇ ಅಂದರೆ, ಅವರು ಈ ವೋಟನ್ನು ಪಿತ್ರಾರ್ಜಿತ ಆಸ್ತಿ ಅಂದುಕೊಂಡರು. 2025ರ ಬೇಸಿಗೆಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕಾರು ತೊಳೆಯುವ ಜಾಗ, ಹೋಮ್ ಡಿಪೊ ಅಂಗಡಿಯ ಪಾರ್ಕಿಂಗು, ಎಲ್ಲೆಂದರಲ್ಲಿ ವಲಸೆ ಅಧಿಕಾರಿಗಳ ದಾಳಿ. ಬಣ್ಣ, ಭಾಷೆ, ಕೆಲಸದ ಜಾಗ ಇಷ್ಟನ್ನೇ ನೋಡಿ ತಡೆಯಬೇಡಿ ಅಂತ ಕೆಳಗಿನ ಕೋರ್ಟ್ ಆದೇಶಿಸಿತ್ತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಡೆಹಿಡಿಯಿತು. ಅಭ್ಯರ್ಥಿ ವೇದಿಕೆಯಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಚಪ್ಪಾಳೆ. ಮತದಾರ ಕಾರು ತೊಳೆಯುತ್ತಾ ಮಾತಾಡಿದರೆ 'ಎಲ್ಲಿ, ಕಾಗದ ತೋರಿಸು'.

ನವೆಂಬರ್‌ನಲ್ಲಿ ನ್ಯೂಜೆರ್ಸಿಯ ಗವರ್ನರ್ ಚುನಾವಣೆ ಬಂತು. ಹಿಂದಿನ ವರ್ಷ ಟ್ರಂಪ್ ಕಡೆ ವಾಲಿದ್ದ, ಲ್ಯಾಟಿನೋಗಳು ಹೆಚ್ಚಿರುವ ಪಸ್ಸೇಕ್ ಕೌಂಟಿ ಡೆಮಾಕ್ರಾಟ್ ಮಿಕಿ ಶೆರಿಲ್‌ಗೆ ದೊಡ್ಡ ಅಂತರ ಕೊಟ್ಟಿತು. ಅವತ್ತು ರಾತ್ರಿಯೇ ಡೆಮಾಕ್ರಾಟರು ಘೋಷಿಸಿಬಿಟ್ಟರು, ನಮ್ಮವರು ಮನೆಗೆ ವಾಪಸ್ ಬಂದರು ಅಂತ. ಯಾರ ಮನೆಗೆ ಅಂತ ಯಾರೂ ಕೇಳಲಿಲ್ಲ ಬಿಡಿ.

ಅತ್ತ ಟೆಕ್ಸಸ್‌ನಲ್ಲಿ ರಿಪಬ್ಲಿಕನ್ನರು ಆಗಸ್ಟ್‌ನಲ್ಲೇ ಸಂಸತ್ತಿನ ಕ್ಷೇತ್ರಗಳ ಹೊಸ ನಕ್ಷೆ ಬರೆದು ಮುಗಿಸಿದ್ದರು. ಐದು ಸೀಟು ಜಾಸ್ತಿ ಬರಬೇಕು ಅನ್ನೋ ಲೆಕ್ಕ. 2024ರಲ್ಲಿ ವೋಟು ಹಾಕಿದ ಲ್ಯಾಟಿನೋಗಳು ಮತ್ತೆ ತಮಗೇ ಹಾಕುತ್ತಾರೆ ಅಂತ ನಂಬಿ ದಕ್ಷಿಣ ಟೆಕ್ಸಸ್‌ನ ಮೇಲೆ ಗೆರೆ ಎಳೆದಿದ್ದಾರೆ. ನಕ್ಷೆಗೆ ಗವರ್ನರ್ ಸಹಿ ಆಗಿದೆ. ಸುಪ್ರೀಂ ಕೋರ್ಟ್ ಕೂಡ 2025ರ ಡಿಸೆಂಬರ್‌ನಲ್ಲಿ ಸದ್ಯಕ್ಕೆ ಸರಿ ಅಂದಿತು. ವೋಟು ಹಾಕಬೇಕಾದವರನ್ನು ಒಂದು ಮಾತು ಕೇಳುವುದಷ್ಟೇ ಬಾಕಿ.