ಸಹಿ ಬಿಡಿ, ಆ ರಾತ್ರಿಯ ಟಿಕೆಟ್ ಹುಡುಕಿ

ಹಳೆಯ ಬಾಕ್ಸಿಂಗ್ ವಸ್ತುಗಳನ್ನು ಸಂಗ್ರಹಿಸಬೇಕು ಅಂತ ಹಾಸನ, ಚಿಕ್ಕಮಗಳೂರು ಕಡೆಯ ಹುಡುಗರು ಇತ್ತೀಚೆಗೆ ಮೆಸೇಜ್ ಮಾಡುತ್ತಿದ್ದಾರೆ. ನನಗೆ ಇದಕ್ಕಿಂತ ಖುಷಿ ಕೊಡುವ ಮೆಸೇಜ್ ಬೇರೆ ಇಲ್ಲ. ಆದರೆ ಹೆಚ್ಚುಕಡಿಮೆ ಎಲ್ಲರ ಮೊದಲ ಪ್ರಶ್ನೆ ಒಂದೇ. "ಅಣ್ಣ, ಮುಹಮ್ಮದ್ ಅಲಿ ಸಹಿ ಇರೋ ಗ್ಲೌಸ್ ಆನ್‌ಲೈನ್ ಹರಾಜಿಗೆ ಬಂದಿದೆ, ಸರ್ಟಿಫಿಕೇಟೂ ಇದೆ, ತಗೊಳ್ಳಲಾ?" ನನ್ನ ಉತ್ತರ ಇಲ್ಲೇ ಎಲ್ಲರಿಗೂ ಬರೆದುಬಿಡುತ್ತೇನೆ. ಬೇಡ. ನಮ್ಮಂಥ ಸಾಧಾರಣ ಜೇಬಿನವರು ಸಹಿಯ ಹಿಂದೆ ಹೋಗಬಾರದು, ಕಾಗದ ಕೊಳ್ಳಬೇಕು. ಟಿಕೆಟ್, ಅಂಗಡಿ ಗಾಜಿಗೆ ಒರಗಿಸುತ್ತಿದ್ದ ಪೋಸ್ಟರ್, ಪಂದ್ಯದ ಕಾರ್ಯಕ್ರಮ ಪುಸ್ತಿಕೆ, ಪತ್ರಿಕಾ ಫೋಟೊ. ಆ ಒಂದು ದಿನಕ್ಕಾಗಿ ಅಚ್ಚಾಗಿ, ಮಾರನೆಯ ದಿನ ಕಸದ ಬುಟ್ಟಿ ಸೇರಬೇಕಿದ್ದ ಕಾಗದ.

ದುಡ್ಡಿನ ಮಾತು ಮೊದಲು ಮುಗಿಸೋಣ. 1964ರ ಫೆಬ್ರವರಿ 25ರಂದು ಮಯಾಮಿ ಬೀಚ್‌ನಲ್ಲಿ ಸನ್ನಿ ಲಿಸ್ಟನ್ ಅವರನ್ನು ಸೋಲಿಸಿ ಕ್ಯಾಸಿಯಸ್ ಕ್ಲೇ (ಮುಂದೆ ಮುಹಮ್ಮದ್ ಅಲಿ ಆದವರು ಇವರೇ) ಚಾಂಪಿಯನ್ ಆದರಲ್ಲ, ಆ ರಾತ್ರಿ ಅವರ ಕೈಯಲ್ಲಿದ್ದ ಗ್ಲೌಸ್ 2014ರ ಹರಾಜಿನಲ್ಲಿ 8,36,500 ಡಾಲರಿಗೆ ಹೋಯಿತು. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಅವರನ್ನು ಕೆಡವಿ ಅಲಿ ಗೆದ್ದ ಪಟ್ಟದ ಬೆಲ್ಟ್ 2022ರಲ್ಲಿ 61.8 ಲಕ್ಷ ಡಾಲರಿಗೆ ಮಾರಾಟವಾಯಿತು, ಅಂದಿನ ಲೆಕ್ಕದಲ್ಲಿ ಸುಮಾರು 49 ಕೋಟಿ ರೂಪಾಯಿ. ಈ ಸುದ್ದಿ ಓದಿಯೇ ನಮ್ಮ ಹುಡುಗರಿಗೆ ಗ್ಲೌಸ್ ಮೇಲೆ ಕಣ್ಣು ಬೀಳುವುದು. ಆದರೆ ಇನ್ನೊಂದು ಹರಾಜನ್ನೂ ನೆನಪಿಡಿ. 1963ರಲ್ಲಿ ಲಂಡನ್ನಿನಲ್ಲಿ ಇದೇ ಕ್ಲೇಯನ್ನು ಎಡಗೈ ಹೊಡೆತದಿಂದ ನೆಲಕ್ಕೆ ಬೀಳಿಸಿದ್ದ ಹೆನ್ರಿ ಕೂಪರ್, ವಿಮಾ ಹೂಡಿಕೆಯಲ್ಲಿ ಕೈ ಸುಟ್ಟುಕೊಂಡು, ತಾವು ಗೆದ್ದ ಮೂರೂ ಲಾನ್ಸ್‌ಡೇಲ್ ಬೆಲ್ಟ್‌ಗಳನ್ನು (ಬ್ರಿಟನ್ನಿನ ಚಾಂಪಿಯನ್‌ಗೆ ಕೊಡುವ ಬೆಲ್ಟ್) 1993ರಲ್ಲಿ ಹರಾಜಿಗಿಟ್ಟರು. ಬಂದದ್ದು 42,000 ಪೌಂಡ್. ವರ್ಷಗಟ್ಟಲೆ ಮುಖ ಒಡ್ಡಿ ಗಳಿಸಿದ್ದನ್ನು ಒಬ್ಬ ಮನುಷ್ಯ ಹೀಗೆ ಬಿಟ್ಟುಕೊಡಬೇಕಾಯಿತಲ್ಲ ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಹರಾಜು ಅಂದರೆ ಬೆಲೆ ಏರುವ ಜಾಗ ಮಾತ್ರ ಅಲ್ಲ, ಯಾರದೋ ಮನೆಯ ಕಷ್ಟ ಹೊರಗೆ ಬರುವ ಜಾಗವೂ ಹೌದು. ಕೊಳ್ಳುವವರು ಆ ಗೌರವ ಇಟ್ಟುಕೊಂಡೇ ಕೂಗಬೇಕು.

ಈಗ ಸಹಿ ಏಕೆ ಬೇಡ ಅನ್ನುತ್ತೇನೆ, ಕೇಳಿ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ಒಂದು ತನಿಖೆ ನಡೆಸಿ, ಆಟಗಾರರ ಸಹಿಗಳನ್ನು ರಾಶಿ ರಾಶಿಯಾಗಿ ನಕಲು ಮಾಡುತ್ತಿದ್ದ ಜಾಲವನ್ನೇ ಹಿಡಿಯಿತು. ಸಹಿಯ ಜೊತೆಗೆ ಸರ್ಟಿಫಿಕೇಟನ್ನೂ ಅವರೇ ತಯಾರಿಸುತ್ತಿದ್ದರು. ಹಾಗಾಗಿ "ಸರ್ಟಿಫಿಕೇಟ್ ಇದೆ ಅಣ್ಣ" ಅಂದರೆ ನನಗೆ ಧೈರ್ಯ ಬರುವುದಿಲ್ಲ. ಲಿಸ್ಟನ್ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಹೆಸರಿನಲ್ಲಿರುವ ಎಷ್ಟೋ ಸಹಿಗಳು ಹೆಂಡತಿ ಹಾಕಿಕೊಟ್ಟವು. 1920ರ ದಶಕದ ಚಾಂಪಿಯನ್ ಜಾಕ್ ಡೆಂಪ್ಸಿ ನ್ಯೂಯಾರ್ಕಿನಲ್ಲಿ ಹೋಟೆಲ್ ಇಟ್ಟುಕೊಂಡು ಊಟಕ್ಕೆ ಬಂದವರಿಗೆಲ್ಲ ಸಹಿ ಹಾಕಿ ಕೊಟ್ಟವರು, ಅವರದ್ದು ಬೇಕಾದಷ್ಟು ಸಿಗುತ್ತದೆ. ಕ್ಲೇ ಅವರು ಮುಹಮ್ಮದ್ ಅಲಿ ಆದದ್ದು 1964ರ ಮಾರ್ಚ್‌ನಲ್ಲಿ. 1963ರ ಫೋಟೊ ಮೇಲೆ 'ಮುಹಮ್ಮದ್ ಅಲಿ' ಎಂಬ ಸಹಿ ಇದ್ದರೆ ಅದು ಆಮೇಲೆ ಹಾಕಿದ್ದು. ಪಂದ್ಯದ ರಾತ್ರಿಯೇ ಹಾಕಿದ್ದು ಅಂತ ಮಾರುವವ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಪಾರ್ಕಿನ್ಸನ್ ಬಂದ ಮೇಲೆ ಅವರ ಅಕ್ಷರವೇ ಬದಲಾಯಿತು. ಇಷ್ಟೆಲ್ಲ ತಿಳಿದು, ವರ್ಷವರ್ಷದ ಸಹಿಯನ್ನು ಪಕ್ಕಪಕ್ಕ ಇಟ್ಟು ನೋಡುವ ಕಣ್ಣು ಬರಬೇಕಾದರೆ ಅರ್ಧ ಆಯುಷ್ಯ ಬೇಕು. ಸಹಿಗೆ ಯಾರೋ ಒಬ್ಬರ ಮಾತು ಬೇಕು. ಕಾಗದ ತನ್ನ ಸಾಕ್ಷಿಯನ್ನು ತಾನೇ ಹೇಳುತ್ತದೆ.

ಹೇಗೆ ಅಂದರೆ, ಹಳೆಯ ಬಾಕ್ಸಿಂಗ್ ಪೋಸ್ಟರ್‌ಗಳಲ್ಲಿ ಬಹಳಷ್ಟು 14 ಇಂಚು ಅಗಲ, 22 ಇಂಚು ಎತ್ತರದ ದಪ್ಪ ರಟ್ಟಿನವು. ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕಿದಂಥವು. ಹಾಸನದಲ್ಲಿ ಮದುವೆ ಪತ್ರಿಕೆ, ನಾಟಕದ ಕರಪತ್ರ ಮಾಡಿಸಿದ ಹಿರಿಯರಿಗೆ ಈ ಕೆಲಸ ಗೊತ್ತು. ಅಕ್ಷರ ಕಾಗದವನ್ನು ಒತ್ತಿ ಕೂತಿರುತ್ತದೆ. ದೀಪವನ್ನು ಪಕ್ಕದಿಂದ ಹಿಡಿದರೆ ಆ ಗುಳಿ ಕಾಣುತ್ತದೆ, ಹಿಂಬದಿಯಲ್ಲಿ ಬೆರಳಾಡಿಸಿದರೆ ಎಷ್ಟೋ ಸಲ ಉಬ್ಬು ಸಿಗುತ್ತದೆ. ಈಚಿನ ನಕಲು ನುಣ್ಣಗಿರುತ್ತದೆ. ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳ ಸಾಲು. ಇನ್ನೊಂದು ಪರೀಕ್ಷೆಗೆ ನೋಟು ಅಸಲಿಯೋ ಅಂತ ನೋಡುವ ನೇರಳೆ (ಯುವಿ) ಟಾರ್ಚ್ ಸಾಕು. ಕಾಗದಕ್ಕೆ ಹೊಳಪಿನ ರಾಸಾಯನಿಕ ಹಾಕುವ ರೂಢಿ ಬಂದದ್ದು ಸುಮಾರು 1950ರ ಸುಮಾರಿಗೆ. 1923ರ ಟಿಕೆಟ್ ಅಂತ ಹೇಳಿದ್ದು ಆ ಬೆಳಕಿಗೆ ನೀಲಿಯಾಗಿ ಹೊಳೆದರೆ ಅಲ್ಲಿಗೆ ಮಾತು ಮುಗಿಯಿತು.

ಕಾಗದದ ತಪ್ಪು ಕೂಡ ಸಾಕ್ಷಿಯೇ. ಅಲಿ-ಫೋರ್‌ಮನ್ ಪಂದ್ಯ ನಡೆದದ್ದು 1974ರ ಅಕ್ಟೋಬರ್ 30ರಂದು. ಆದರೆ ಮೊದಲು ಗೊತ್ತಾಗಿದ್ದದ್ದು ಸೆಪ್ಟೆಂಬರ್ ಕೊನೆಯ ವಾರಕ್ಕೆ. ಅಭ್ಯಾಸದಲ್ಲಿ ಫೋರ್‌ಮನ್ ಅವರ ಕಣ್ಣಿನ ಮೇಲೆ ಸೀಳು ಬಿದ್ದು ಮುಂದೆ ಹೋಯಿತು. ಅಷ್ಟರಲ್ಲಿ ಪೋಸ್ಟರ್ ಅಚ್ಚಾಗಿತ್ತು. ಹಾಗಾಗಿ ಆ ಪಂದ್ಯದ ಹೆಸರಾಂತ ಪೋಸ್ಟರ್‌ಗಳಲ್ಲಿ ಇರುವುದು ನಡೆಯದೇ ಹೋದ ದಿನದ ತಾರೀಖು. ಗೊತ್ತಿಲ್ಲದವರು ಅದನ್ನು ನೋಡಿ "ಡೇಟೇ ತಪ್ಪು, ಡೂಪ್ಲಿಕೇಟ್" ಅಂತ ಬಿಟ್ಟುಬಿಡುತ್ತಾರೆ. ಅದರ ನಕಲುಗಳೂ ಧಾರಾಳವಾಗಿವೆ ಅನ್ನಿ, ತಾರೀಖೊಂದನ್ನೇ ನಂಬಿ ಕೊಳ್ಳಬೇಡಿ. ಇನ್ನು ಅಲಿ-ಲಿಸ್ಟನ್ ಎರಡನೇ ಪಂದ್ಯ, 1965ರ ಮೇ 25, ಮೇನ್ ರಾಜ್ಯದ ಲೂಯಿಸ್ಟನ್ ಅನ್ನುವ ಸಣ್ಣ ಊರು. ಒಳಗೆ ಇದ್ದವರು 2,434 ಜನ ಮಾತ್ರ. ಲಿಸ್ಟನ್ ಬಿದ್ದಿದ್ದಾರೆ, ಅಲಿ ಮೇಲೆ ನಿಂತು ಎದ್ದೇಳು ಅಂತ ಗದರುತ್ತಿದ್ದಾರೆ, ಆ ಫೋಟೊ ಪ್ರಪಂಚಕ್ಕೆಲ್ಲ ಗೊತ್ತು. ಆ ಕೋಣೆಯೊಳಗೆ ಕೂತವರ ಜೇಬಿನಲ್ಲಿದ್ದ ಹರಿದ ಟಿಕೆಟ್ ತುಂಡು ಯಾವ ಸಹಿಗಿಂತಲೂ ದೊಡ್ಡದು ಅಂತ ನಾನು ಎದೆ ತಟ್ಟಿ ಹೇಳುತ್ತೇನೆ. ಅಲಿ ನಮ್ಮ ಪಕ್ಕದ ಮದ್ರಾಸಿಗೂ 1980ರಲ್ಲಿ ಬಂದು ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ್ದರು. ನಿಮ್ಮ ಮನೆಯ ಹಿರಿಯರು ಯಾರಾದರೂ ಹೋಗಿದ್ದರೆ ಅವರ ಹಳೆಯ ಡೈರಿ, ಪುಸ್ತಕಗಳ ಹಾಳೆ ತಿರುವಿ ನೋಡಿ.

ಕಲೆಯ ವಿಷಯಕ್ಕೂ ಇದೇ ನನ್ನ ಅಳತೆ. ಅಮೆರಿಕದ ಚಿತ್ರಕಾರ ಜಾರ್ಜ್ ಬೆಲೋಸ್ 1909ರಲ್ಲಿ ಬರೆದ ಬಾಕ್ಸಿಂಗ್ ಚಿತ್ರ 'ಸ್ಟ್ಯಾಗ್ ಅಟ್ ಶಾರ್ಕೀಸ್' ಅಲ್ಲಿನ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಲ್ಲಿದೆ. ಆಗ ನ್ಯೂಯಾರ್ಕಿನಲ್ಲಿ ಬಹಿರಂಗ ಬಾಕ್ಸಿಂಗ್‌ಗೆ ಕಾನೂನಿನ ತಡೆ ಇತ್ತು. ಹೊಡೆದಾಡುವವರನ್ನು ಆ ರಾತ್ರಿಯ ಮಟ್ಟಿಗೆ ಕ್ಲಬ್ಬಿನ ಸದಸ್ಯರನ್ನಾಗಿ ಮಾಡಿಕೊಂಡು ಪಂದ್ಯ ನಡೆಸುತ್ತಿದ್ದರು. ಚಿತ್ರದ ಆ ಕತ್ತಲೆಗೆ, ಬೆವರಿಗೆ, ಹಗ್ಗದ ಸುತ್ತ ನೆರೆದ ಮುಖಗಳ ಹಸಿವಿಗೆ ಅದು ಕಾರಣ. 1923ರಲ್ಲಿ ಅರ್ಜೆಂಟೀನಾದ ಫಿರ್ಪೋ ಡೆಂಪ್ಸಿಯವರನ್ನು ರಿಂಗಿನಿಂದ ಆಚೆಗೇ ಹಾರಿಸಿದ ಕ್ಷಣವನ್ನೂ ಬೆಲೋಸ್ ಅಲ್ಲೇ ಕೂತು ನೋಡಿ, ಆಮೇಲೆ ಚಿತ್ರ ಬರೆದವರು. ಆ ಪಂದ್ಯ ಎರಡನೇ ಸುತ್ತಿಗೆ ಡೆಂಪ್ಸಿ ಗೆದ್ದರು, ಆದರೆ ಚಿತ್ರದಲ್ಲಿ ಉಳಿದದ್ದು ಗೆದ್ದವನ ಬೀಳು. ಇದಕ್ಕಿಂತ ನಿಜವಾದ ಕ್ರೀಡಾಚಿತ್ರ ನಾನು ಬೇರೆ ಕಂಡಿಲ್ಲ. ಅವರ ಕಲ್ಲಚ್ಚಿನ ಮೂಲಪ್ರತಿಗಳು ಈಗಲೂ ಹರಾಜಿಗೆ ಬರುತ್ತವೆ, ನಮಗೆ ಎಟುಕುವುದಿಲ್ಲ. ಆದರೆ ನೋಡಿ ಕಲಿಯುವುದಕ್ಕೆ ಕಾಸು ಬೇಡವಲ್ಲ.

ನಮ್ಮ ಮಲೆನಾಡಿನ ಕಾಫಿ ತೋಟದ ಬಂಗಲೆಗಳ ಗೋಡೆ ಮೇಲೂ ಕ್ರೀಡಾಚಿತ್ರಗಳಿವೆ. ಕುದುರೆ, ನಾಯಿ, ಹುಲಿ ಬೇಟೆ. 1807ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದ 'ಓರಿಯೆಂಟಲ್ ಫೀಲ್ಡ್ ಸ್ಪೋರ್ಟ್ಸ್'ನಲ್ಲಿ ಸ್ಯಾಮ್ಯುಯೆಲ್ ಹೌವಿಟ್ ಅವರ 40 ಬಣ್ಣದ ಚಿತ್ರಗಳಿದ್ದವು. ಇಂಥ ಪುಸ್ತಕಗಳನ್ನು ಬಿಚ್ಚಿ ಒಂದೊಂದು ಹಾಳೆಗೂ ಕಟ್ಟು ಹಾಕಿಸಿ ಮಾರುವುದು ಹಳೆಯ ವ್ಯಾಪಾರ. ಬಂಗಲೆ ಕೈ ಬದಲಾದಾಗ ಚೌಕಟ್ಟಿನ ಮರಕ್ಕೆ ಬೆಲೆ ಕಟ್ಟಿ ಒಳಗಿನ ಚಿತ್ರವನ್ನು ಸುಮ್ಮನೆ ಕೊಟ್ಟುಬಿಡುತ್ತಾರೆ. ಕೊಡುವ ಮೊದಲು ತಿಳಿದವರಿಗೆ ತೋರಿಸಿ. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ, ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಅದರ ಪಕ್ಕದಲ್ಲೇ ನೇತಾಡುವ ಮೈಸೂರಿನ ವ್ಯಾನ್ ಇಂಗನ್ ಅವರು ತುಂಬಿಸಿಕೊಟ್ಟ ಹುಲಿ, ಚಿರತೆ ತಲೆಗಳ ಸುದ್ದಿಗೆ ಮಾತ್ರ ಹೋಗಲೇಬೇಡಿ. ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಮಾರುವುದು, ಕೊಳ್ಳುವುದು ಎರಡೂ ಅಪರಾಧ. ಆಗಬೇಕಾದ್ದೇ.

ಹರಾಜಿನ ಬಗ್ಗೆ ಎರಡೇ ಮಾತು. ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆ ಅಲ್ಲ, ಮಂಡಿಯ ಕಮಿಷನ್ ಥರ ಅದರ ಮೇಲೆ ಬೈಯರ್ಸ್ ಪ್ರೀಮಿಯಂ ಅಂತ ಶೇಕಡ 20ರ ಮೇಲೇ ಬೀಳುತ್ತದೆ. ಜೊತೆಗೆ ಸಾಗಣೆ, ಸುಂಕ. ಅಮೆರಿಕದ ಸಂಜೆ ನಮಗೆ ಬೆಳಗಿನ ಜಾವ. ಆಷಾಢದ ಮಳೆಯಲ್ಲಿ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಕೂತು ಕರೆಂಟು, ನೆಟ್‌ವರ್ಕ್ ನಂಬಿ ಕೂಗುವುದಕ್ಕಿಂತ, ನಿಮ್ಮ ಗರಿಷ್ಠ ಬೆಲೆಯನ್ನು ಹಿಂದಿನ ದಿನವೇ ಬರೆದುಕೊಟ್ಟು ಮಲಗಿ.

ಮಳೆಯ ಮಾತು ಬಂತಲ್ಲ, ನನಗೆ ತೀರಾ ಹೊಟ್ಟೆ ಉರಿಯುವುದು ಇಲ್ಲಿ. ಕಾಗದಕ್ಕೆ ಗಾಳಿಯ ತೇವ ಶೇಕಡ 50ರ ಆಸುಪಾಸಿನಲ್ಲಿದ್ದರೆ ಕ್ಷೇಮ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕನಸಿನ ಮಾತು. ಗೋಡೆಗೆ ತಾಗಿಸಿ ಇಟ್ಟರೆ ಬೂಷ್ಟು, ಪೆಟ್ಟಿಗೆಯಲ್ಲಿ ಮರೆತರೆ ಗೆದ್ದಲು, ಅಟ್ಟಕ್ಕೆ ಹಾಕಿದರೆ ಒಲೆಯ ಹೊಗೆ. ಪಾಲಿಯೆಸ್ಟರ್ ಕವರ್‌ನಲ್ಲಿ ಹಾಕಿ, ಅಗ್ಗದ ಪಿವಿಸಿ ಕವರ್ ಕೆಲವೇ ವರ್ಷಕ್ಕೆ ಮಸಿಯನ್ನು ಕಿತ್ತುಕೊಳ್ಳುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ಸಿಲಿಕಾ ಜೆಲ್, ಬಿಸಿಲು ಬಂದ ದಿನ ತೆಗೆದು ನೆರಳಿನಲ್ಲಿ ಗಾಳಿಗಿಡುವುದು. ಇಷ್ಟು ಮಾಡಿದರೆ ಉಳಿಯುತ್ತದೆ. ಮತ್ತು ದಯವಿಟ್ಟು, ಕೈ ಮುಗಿದು ಕೇಳುತ್ತೇನೆ, ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿ ಅಂಟು ಕಾಗದದ ಒಳಕ್ಕೆ ಇಳಿದ ಮೇಲೆ ಅದನ್ನು ಬಿಡಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ನಮ್ಮ ಊರುಗಳ ಗರಡಿ ಮನೆಗಳಲ್ಲಿ ಎಷ್ಟು ಒಳ್ಳೆಯ ಫೋಟೊಗಳು ಹೀಗೆ ಪ್ರೀತಿಯಿಂದಲೇ ಹಾಳಾಗಿವೆ!

ಹೌದು, ಗರಡಿ ಮನೆ. ಕಿನ್ಶಾಸಾದ ಪೋಸ್ಟರ್ ಹಿಡಿದು ನೋಡುವ ಅದೇ ಕಣ್ಣಿನಿಂದ ನಾನು ಈಗ ಜಾತ್ರೆ ಕುಸ್ತಿಯ ಕರಪತ್ರ ನೋಡುತ್ತೇನೆ. ಯಾವ ಊರಿನ ಪೈಲ್ವಾನ್, ಯಾವ ಉಸ್ತಾದರ ಶಿಷ್ಯ, ಯಾರ ಜೊತೆ ಜೋಡಿ, ಬೆಳ್ಳಿ ಗದೆ ಕೊಟ್ಟವರು ಯಾರು, ಎಲ್ಲ ಅದರಲ್ಲೇ ಇದೆ. ಎಷ್ಟೋ ಪೈಲ್ವಾನರ ಹೆಸರು ಅಚ್ಚಿನಲ್ಲಿ ಬಂದದ್ದು ಆ ಒಂದೇ ಹಾಳೆಯಲ್ಲಿ. ಅದಕ್ಕೆ ಹರಾಜಿಲ್ಲ, ಬೆಲೆಪಟ್ಟಿ ಇಲ್ಲ, ನಕಲು ಮಾಡುವವರೂ ಇಲ್ಲ. ತೂಕಕ್ಕೆ ಹಾಕಿದ ದಿನ ಹೋಯಿತು ಅಷ್ಟೇ.

ಹಾಸನ, ಹೊಳೆನರಸೀಪುರ, ಅರಸೀಕೆರೆ, ಕಡೂರು, ತರೀಕೆರೆ ಕಡೆಯವರು ಯಾರ ಮನೆಯಲ್ಲಾದರೂ ಇಂಥ ಕರಪತ್ರ, ಗರಡಿಯ ಗುಂಪು ಫೋಟೊ, ದಸರಾ ಕುಸ್ತಿಯ ಪಾಸು ಇದ್ದರೆ ಎರಡೂ ಬದಿಯ ಫೋಟೊ ತೆಗೆದು ಇನ್‌ಬಾಕ್ಸ್‌ಗೆ ಕಳಿಸಿ. ವಸ್ತು ನನಗೆ ಬೇಡ, ಅದು ನಿಮ್ಮ ಮನೆಯಲ್ಲೇ ಇರಲಿ. ಫೋಟೊದಲ್ಲಿರುವವರನ್ನು ಗುರುತಿಸಬಲ್ಲ ಅಜ್ಜಂದಿರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್‌ನಲ್ಲಿ ಹೆಸರು, ಊರು, ವರ್ಷ ಬರೆಸಿಡಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂಬದಿಗೆ ಮೂಡುತ್ತದೆ.