ಹುಚ್ಚಿಗೂ ರಸೀದಿ ಬೇಕು

‘ಕೃತ್ಯದ ಹೊತ್ತಿನಲ್ಲಿ ಆರೋಪಿಯ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂಬುದಕ್ಕೆ ಪುರಾವೆ ಇಲ್ಲ, ಮೇಲ್ಮನವಿ ವಜಾ.’ ಒಳಪುಟದ ಮೂಲೆಯಲ್ಲಿ ಆಗಾಗ ಬರುವ ಸುದ್ದಿ, ನೀವೂ ಓದಿರುತ್ತೀರಿ. ಓದಿದಾಗಲೆಲ್ಲ ನನಗೆ ಕಾನೂನಿನ ಮೇಲೆ ಗೌರವ ಉಕ್ಕುತ್ತದೆ. ಹುಚ್ಚರ ಶಿಸ್ತಿನ ಮೇಲೆ ಇಷ್ಟು ನಂಬಿಕೆ ಇನ್ಯಾರಿಗಿದೆ ಹೇಳಿ?

ಹುಚ್ಚಿನ ಕಾರಣಕ್ಕೆ ಶಿಕ್ಷೆ ತಪ್ಪಬೇಕಾದರೆ ಸುಮ್ನೆ ತಲೆ ಕೆಟ್ಟಿದ್ದರೆ ಸಾಲದು. ಹೋದ ವರ್ಷ ಕೆಟ್ಟಿತ್ತು ಅಂದರೆ ನಡೆಯದು. ಜೈಲಿಗೆ ಬಂದ ಮೇಲೆ ಕೆಟ್ಟಿತು ಅಂದರೂ ಆಗದು. ಮಚ್ಚು ಎತ್ತಿದ ಗಳಿಗೆಯಲ್ಲೇ ಕೆಟ್ಟಿರಬೇಕು, ಅದನ್ನು ತೋರಿಸುವ ಹೊರೆಯೂ ಅವನದೇ. ಅಂದರೆ ಆಸಾಮಿ ಮಚ್ಚು ಕೆಳಗಿಟ್ಟು, ಆಟೋ ಹಿಡಿದು ನಿಮ್ಹಾನ್ಸ್‌ಗೆ ಹೋಗಿ, ಚೀಟಿ ಮಾಡಿಸಿ, ಡಾಕ್ಟರ ಸೀಲು ಹಾಕಿಸಿಕೊಂಡು ವಾಪಸ್ ಬರಬೇಕು. ಕೆಲಸ ಮುಗಿದ ಮೇಲೆ ಓಡಲೂಬಾರದು. ಓಡಿದರೆ ‘ನೋಡಿ, ತಪ್ಪು ಅಂತ ಗೊತ್ತಿತ್ತಲ್ಲ’ ಅನ್ನುತ್ತಾರೆ.

ನಮ್ಮ ಮನೆಯಲ್ಲಿ ತಲೆ ನೆಟ್ಟಗಿರುವವರು ನಾಲ್ಕು ಜನ. ಹೋದ ತಿಂಗಳ ಶುಗರ್ ಚೀಟಿ ಇನ್ನೂ ಸಿಕ್ಕಿಲ್ಲ. ಅಪ್ಪ ಪ್ರತಿ ನವೆಂಬರ್‌ನಲ್ಲಿ ಪಿಂಚಣಿಗಾಗಿ ತಾವು ಬದುಕಿದ್ದೀವಿ ಅಂತ ಬ್ಯಾಂಕಿಗೆ ಹೋಗಿ ಸಾಬೀತು ಮಾಡಿ ಬರುತ್ತಾರೆ. ಸವೆದ ಹೆಬ್ಬೆಟ್ಟನ್ನು ಪಂಚೆಗೆ ಒರೆಸಿ ಒರೆಸಿ ಒತ್ತುತ್ತಾರೆ. ‘ಇನ್ನೊಂದ್ಸಲ ಒತ್ತಿ ಅಂಕಲ್’ ಅನ್ನುತ್ತಾನೆ ಕೌಂಟರಿನ ಹುಡುಗ, ಎದುರಿಗೆ ಉಸಿರಾಡುತ್ತಿರುವ ಮನುಷ್ಯನನ್ನು ನೋಡಿಕೊಂಡೇ. ಉಸಿರಿಗೇ ದಾಖಲೆ ಬೇಕಾದ ಕಡೆ ಹುಚ್ಚಿಗೆ ಬೇಡವಾ?

ಇರಲಿ, ನ್ಯಾಯವಾಗಿ ಹೇಳಬೇಕು. ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡು ಅಂತ ಕೋರ್ಟು ಆರೋಪಿಗೆ ಹೇಳುವುದಿಲ್ಲ. ‘ಇದ್ದಿರಬಹುದು’ ಅನ್ನಿಸುವಷ್ಟು ತೋರಿಸಿದರೂ ಸಾಕು. ಆದರೆ ಊರ ದೇವರಿಗೆ ಹರಕೆ ಹೊತ್ತು, ತಾಯತ ಕಟ್ಟಿಸಿದ ಮನೆಯಲ್ಲಿ ಅಷ್ಟಕ್ಕಾದರೂ ಕಾಗದ ಎಲ್ಲಿರುತ್ತದೆ? 2024ರ ಜುಲೈನಲ್ಲಿ 1860ರ ದಂಡ ಸಂಹಿತೆ ಹೋಯಿತು. ಬುದ್ಧಿ ಸ್ಥಿಮಿತದಲ್ಲಿಲ್ಲದವರಿಗೆ ವಿನಾಯಿತಿ ಕೊಡುವ ಸೆಕ್ಷನ್ 84 ಇದ್ದದ್ದು ಹೊಸ ಸಂಹಿತೆಯಲ್ಲಿ 22 ಆಯಿತು. ನಂಬರು ಇಳಿಯಿತು, ಹೊರೆ ಇಳಿಯಲಿಲ್ಲ.

ಕಾಗದ ಇದ್ದವರ ಕಥೆಯನ್ನೂ ನೋಡಿ. ಅಸ್ಸಾಮಿನ ಮಚಾಂಗ್ ಲಾಲುಂಗ್. 1951ರಲ್ಲಿ ಹಿಡಿದರು, ತೇಜಪುರದ ಮಾನಸಿಕ ಆಸ್ಪತ್ರೆಗೆ ಹಾಕಿದರು. 1967ರಲ್ಲಿ ಡಾಕ್ಟರುಗಳೇ ‘ಈತ ಸರಿ ಇದ್ದಾನೆ’ ಅಂತ ಬರೆದುಕೊಟ್ಟರು. ಇದಕ್ಕಿಂತ ಜಾಸ್ತಿ ಪುರಾವೆ ಏನು ಬೇಕಿತ್ತು? ಮನೆಗೆ ಕಳಿಸುವ ಬದಲು ಇನ್ನೊಂದು ಜೈಲಿಗೆ ಕಳಿಸಿದರು. ವಿಚಾರಣೆ ನಡೆಯಲೇ ಇಲ್ಲ. ಹೊರಗೆ ಬಂದದ್ದು 2005ರಲ್ಲಿ. ಐವತ್ತನಾಲ್ಕು ವರ್ಷ ರೀ! ನಗಿಸೋಣ ಅಂತ ಬರೆಯಲು ಕೂತಿದ್ದೆ, ಇಲ್ಲಿ ಬಂದು ಕೈ ನಿಂತಿತು.

ಬಿಡುವಾಗ ಅವರಿಂದ ಒಂದು ರೂಪಾಯಿಯ ಬಾಂಡ್ ಬರೆಸಿಕೊಂಡರು. ಮತ್ತೆ ಕರೆದರೆ ಬರಬೇಕಲ್ಲ, ಅದಕ್ಕೆ.