ಜಗ್ಗಬೇಡಿ ಸಾರ್, ಹರಿಯುತ್ತೆ!

ತಿಂಗಳ ಕೊನೆ, ಸಂಜೆ ಐದೂ ಮುಕ್ಕಾಲು, ಸಾಹೇಬರ ಸಹಿಗೆ ಕಾದಿರುವ ಫೈಲು. ಪ್ರಿಂಟರ್ ಜಾಮ್ ಆಗಲು ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವ ಪಂಚಾಂಗದಲ್ಲೂ ಇಲ್ಲ. ಕೂಡಲೇ ತಜ್ಞರ ಸಮಿತಿ ಸೇರುತ್ತದೆ. ಒಬ್ಬರು ನೆತ್ತಿ ತಟ್ಟುತ್ತಾರೆ, ಇನ್ನೊಬ್ಬರು ಆಫ್ ಮಾಡಿ ಆನ್ ಮಾಡುತ್ತಾರೆ, ಮತ್ತೊಬ್ಬರು ಇಣುಕುತ್ತಿರುವ ಕಾಗದದ ತುದಿ ಹಿಡಿದು ಒಂದೇ ಸಲ ಜಗ್ಗುತ್ತಾರೆ. ಪರ್ರ್! ಅರ್ಧ ಕೈಗೆ, ಅರ್ಧ ಒಳಗೆ. "ನಾನು ಆಗ್ಲೇ ಹೇಳ್ದೆ" ಅನ್ನುವುದಕ್ಕೇ ಬಂದವರೂ ಒಬ್ಬರಿರುತ್ತಾರೆ.

ಇಡೀ ಹಾಳೆ ಸಿಕ್ಕಿಕೊಂಡರೆ ಸಲೀಸಾದ ಕೆಲಸ. ಹರಿದ ಚೂರು ಉಳಿದರೆ ಇಡೀ ಸಂಜೆ ಹೋಯಿತು. ಕಾಗದ ಸಾಗುವ ದಾರಿಯಲ್ಲಿ ಪುಟ್ಟ ಪ್ಲಾಸ್ಟಿಕ್ ನಾಲಗೆಗಳಿರುತ್ತವೆ. ಹಾಳೆ ಒತ್ತಿದರೆ 'ಬಂತು', ಬಿಟ್ಟರೆ 'ಹೋಯ್ತು' ಎಂದು ಯಂತ್ರಕ್ಕೆ ಸುದ್ದಿ. ಒಂದು ಚೂರು ಅಲ್ಲಿ ಕೂತರೆ ಸಾಕು, ಒಳಗೆಲ್ಲ ಖಾಲಿಯಿದ್ದರೂ ಪರದೆ ಮೇಲೆ 'ಜಾಮ್' ಅಳಿಯುವುದಿಲ್ಲ. ಅದಕ್ಕೇ ಹೊರಬಂದ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ನಾಲ್ಕು ಮೂಲೆ ಎಣಿಸಬೇಕು. ಇಲ್ಲದ ಮೂಲೆ ಒಳಗಿದೆ. ಮೊಬೈಲ್ ಟಾರ್ಚ್ ಹಾಕಿ ಹುಡುಕಿ. ಚಾಕು, ಕತ್ತರಿ, ಸ್ಟೀಲ್ ಸ್ಕೇಲು ಡ್ರಾಯರಲ್ಲೇ ಇರಲಿ.

ಮೊದಲು ಸ್ವಿಚ್ ಆಫ್, ಆಮೇಲೆ ಪ್ಲಗ್ ಹೊರಗೆ. ಲೇಸರ್ ಪ್ರಿಂಟರಿನ ಹಿಂಬದಿಯಲ್ಲಿರುವ ಫ್ಯೂಸರ್, ಅಂದರೆ ಶಾಯಿಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಭಾಗ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅದರ ಮೇಲಿನ ಹಳದಿ ಸ್ಟಿಕ್ಕರ್ ಅಲಂಕಾರಕ್ಕಲ್ಲ. ಅತ್ತ ಕೈ ಹಾಕುವ ಮುಂಚೆ ಅರ್ಧ ಗಂಟೆ ಬಿಡಿ, ಕಾಫಿ ಕುಡಿದು ಬನ್ನಿ. ಬಂದು ಟ್ರೇಯನ್ನು ಪೂರ್ತಿ ಎಳೆದು ನೋಡಿ. ಎಷ್ಟೋ ಸಲ ಕಾಗದ ಹೊರಟ ಊರಲ್ಲೇ ನಿಂತಿರುತ್ತದೆ. ಅಲ್ಲಿಲ್ಲದಿದ್ದರೆ ಮುಂಬಾಗಿಲು ತೆಗೆದು ಟೋನರ್ ಕಾರ್ಟ್ರಿಡ್ಜ್ (ಶಾಯಿಪುಡಿಯ ಡಬ್ಬಿ) ಈಚೆ ತೆಗೆಯಿರಿ, ಹಳೇ ಪೇಪರಿನ ಮೇಲಿಟ್ಟು ಬಟ್ಟೆ ಮುಚ್ಚಿ. ಅದರ ಡ್ರಮ್ಮಿಗೆ, ಅಂದರೆ ಅಕ್ಷರ ಮೂಡಿಸುವ ಉರುಳೆಗೆ, ಬೆಳಕೂ ಆಗದು, ಬೆರಳೂ ಆಗದು. ಹಸಿರು ಅಥವಾ ನೀಲಿ ಬಣ್ಣದ ಹಿಡಿಗಳಿದ್ದರೆ ಅವು ನಮಗಾಗಿ ಇಟ್ಟವು, ಒತ್ತಿ ಸಡಿಲಿಸಿ. ಈಗ ಹಾಳೆಯನ್ನು ಎರಡೂ ಕೈಯಲ್ಲಿ ಎರಡೂ ಅಂಚು ಹಿಡಿದು, ಸೊಟ್ಟ ಮಾಡದೆ, ಆದಷ್ಟೂ ಅದು ಹೊರಟಿದ್ದ ದಿಕ್ಕಿಗೇ ನಿಧಾನವಾಗಿ ಎಳೆಯಿರಿ.

ಟೋನರ್ ಚೆಲ್ಲಿತೇ? ಊದಬೇಡಿ. ಅದು ಬಿಸಿಗೆ ಕರಗುವ ಪ್ಲಾಸ್ಟಿಕ್ ಪುಡಿ. ಬಿಸಿನೀರು ಹಾಕಿದರೆ ಅಂಗಿಗೆ ಶಾಶ್ವತ ಕಾಡಿಗೆ. ಕೊಡವಿ, ತಣ್ಣೀರಲ್ಲಿ ತೊಳೆಯಿರಿ.

ಇನ್ನು, ತಪ್ಪು ಯಾರದು ಎಂಬ ವಿಚಾರಣೆ. ಬಹುತೇಕ ಸಲ ಯಂತ್ರದ್ದಲ್ಲ, ಟ್ರೇ ತುಂಬಿದವರದು. ಬೆಂಗಳೂರಿನ ಜಿಟಿಜಿಟಿ ಮಳೆಗಾಲದಲ್ಲಿ ಕಿಟಕಿ ಪಕ್ಕ ಬಿಚ್ಚಿಟ್ಟ ರೀಮ್ ತೇವ ಹೀರಿ ಹಪ್ಪಳದಂತೆ ಅಂಚು ಮಡಚಿಕೊಳ್ಳುತ್ತದೆ. 500 ಹಾಳೆಯ ರೀಮಿನಲ್ಲಿ ಬೇಕಾದಷ್ಟು ತೆಗೆದು, ಉಳಿದದ್ದನ್ನು ಅದರ ಹೊದಿಕೆಯಲ್ಲೇ ಸುತ್ತಿಡಿ. ಟ್ರೇಯೊಳಗಿನ ಗೆರೆ ಮೀರಿ ತುರುಕಬೇಡಿ. ಪಕ್ಕದ ಗೈಡು ಬಿಗಿಯಾದರೆ ಹಾಳೆ ಉಬ್ಬುತ್ತದೆ, ಸಡಿಲವಾದರೆ ಓರೆಯಾಗಿ ಹೋಗುತ್ತದೆ. ಒಂದು ಬದಿ ಅಚ್ಚಾದ ಹಾಳೆಯನ್ನೇ ಮತ್ತೆ ತುಂಬುವ, ಒನ್ ಸೈಡ್ ಪೇಪರ್ ಉಳಿತಾಯವೆಂಬ ಮಹಾವ್ರತದವರು ದಯವಿಟ್ಟು ಸ್ಟೇಪಲ್ ಪಿನ್ನಾದರೂ ಕೀಳಿ. ಫ್ಯೂಸರ್ ಗೀಚಿಹೋದರೆ ಉಳಿಸಿದ ಕಾಗದದ ದುಡ್ಡೆಲ್ಲ ಅಲ್ಲಿಗೇ ಸಮರ್ಪಣೆ. ಆಯುಧಪೂಜೆ ದಿನ ಪ್ರಿಂಟರಿಗೆ ಅರಿಶಿನ ಕುಂಕುಮ ಹಚ್ಚಿ, ಬೇಡವೆನ್ನುವುದಿಲ್ಲ. ಆದರೆ ಹೊರ ಮೈಗೆ. ಸೇವಂತಿಗೆ ಎಸಳು ರೋಲರಿನವರೆಗೆ ಹೋಗುವುದು ಬೇಡ.

ಇಷ್ಟಾದರೂ ಹಾಳೆ ಎತ್ತುವಾಗಲೇ ಸಿಕ್ಕಿಕೊಳ್ಳುತ್ತಿದ್ದರೆ ಪಿಕಪ್ ರೋಲರ್ (ಟ್ರೇಯಿಂದ ಹಾಳೆ ಎತ್ತುವ ರಬ್ಬರ್ ಉರುಳೆ) ನುಣುಪಾಗಿದೆ ಅಂತ ಅರ್ಥ. ನೂಲು ಬಿಡದ ಬಟ್ಟೆ ಒದ್ದೆ ಮಾಡಿ ಹಿಂಡಿ ಒರೆಸಿ, ಒಣಗಲು ಬಿಡಿ. ಸವೆದೇ ಹೋಗಿದ್ದರೆ ಮಾಡೆಲ್ ನಂಬರ್ ಬರೆದುಕೊಂಡು ಬೆಂಗಳೂರಿನ ಬಿಡಿಭಾಗಗಳ ಪೇಟೆಯಾದ ಎಸ್‌.ಪಿ. ರೋಡಿಗೆ ಹೋಗಿ. ಬರೀ "ಕಪ್ಪು ಬಣ್ಣದ್ದು, ಇಷ್ಟುದ್ದ" ಅಂತ ಕೈಯಲ್ಲಿ ತೋರಿಸಿದರೆ ಅಂಗಡಿಯವರು ನಗುತ್ತಾರೆ.

ಎಲ್ಲ ಮುಚ್ಚಿ ಆನ್ ಮಾಡುವ ಮುನ್ನ ಕಂಪ್ಯೂಟರಿನ ಪ್ರಿಂಟ್ ಸಾಲು ನೋಡಿ. ಜಾಮ್ ಆಗಿದ್ದಾಗ ಸಿಟ್ಟಿನಲ್ಲಿ ಒತ್ತಿದ ಒಂದೊಂದು 'ಪ್ರಿಂಟ್' ಕೂಡ ಅಲ್ಲಿ ಸರತಿಯಲ್ಲಿ ಕಾದಿರುತ್ತದೆ. ಹೆಚ್ಚಿನವನ್ನು ರದ್ದು ಮಾಡದಿದ್ದರೆ ಒಂದೇ ವರದಿ ಆರೇಳು ಪ್ರತಿ ಬಂದು ಬೀಳುತ್ತದೆ. ಅದನ್ನು ಒನ್ ಸೈಡ್ ಪೇಪರ್ ಮಾಡಿ, ಪಿನ್ ಹೊಡೆದು, ಟ್ರೇಗೆ ತುಂಬಲು ಮಹಾವ್ರತದವರು ಪಕ್ಕದಲ್ಲೇ ನಿಂತಿರುತ್ತಾರೆ.